ಬಾಣಂತಿಯ ಮನಸ್ಸಿಗೂ ಬೇಕು ಬಾಣಂತನ

ಮಲೆನಾಡಿನ ಮನೆಗಳಲ್ಲಿ ಬಾಣಂತನವೆಂದರೆ ದೊಡ್ಡ ಏರ್ಪಾಡು. ಹೆರಿಗೆಗೆ ಎರಡು ತಿಂಗಳು ಇರುವಾಗಲೇ ಬಚ್ಚಲ ಒಲೆಗೆ ಒಣ ಕಟ್ಟಿಗೆ ಸೇರಿಸಿಡುತ್ತಾರೆ. ಶುಂಠಿ, ಓಮ, ಕಾಳುಮೆಣಸು, ಬೆಳ್ಳುಳ್ಳಿ, ಬೆಲ್ಲ, ತುಪ್ಪ ಡಬ್ಬಿ ತುಂಬುತ್ತವೆ. ಹಳೆಯ ಹತ್ತಿ ಸೀರೆಗಳನ್ನು ಒಗೆದು, ಒಣಗಿಸಿ, ಹರಿದು ಮಡಿಚಿಡುವುದು ಅಜ್ಜಿಯ ಕೆಲಸ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಯಾವ ಊರಿಗೆ ಹೋದರೂ ಪದ್ಧತಿಯ ವಿವರ ಸ್ವಲ್ಪ ಬದಲಾದೀತೇ ಹೊರತು, ಬಾಣಂತಿಯ ಮೈಗೆ ಎಣ್ಣೆ ತಿಕ್ಕಿ ಹಂಡೆಯ ಬಿಸಿನೀರು ಹೊಯ್ಯುವುದು, ತಲೆಗೆ ಬಟ್ಟೆ ಕಟ್ಟಿ ಬೆಚ್ಚಗೆ ಮಲಗಿಸುವುದು, ಹೊತ್ತುಹೊತ್ತಿಗೆ ಪಥ್ಯದ ಊಟ ಕೊಡುವುದು ಎಲ್ಲ ಕಡೆಯೂ ಇದ್ದದ್ದೇ.

ನೋಡಲು ಬಂದವರ ಪ್ರಶ್ನೆಗಳೂ ಎಲ್ಲ ಕಡೆ ಒಂದೇ. ಮಗು ಎಷ್ಟು ತೂಕ ಇತ್ತು? ಹಾಲು ಸಾಕಾಗುತ್ತದೆಯೇ? ಹೊಲಿಗೆ ಒಣಗಿತೇ? ರಾತ್ರಿ ಹೊತ್ತು ಮಗು ಹಟ ಮಾಡುತ್ತದೆಯೇ? ಆದರೆ ‘ನಿನ್ನ ಮನಸ್ಸು ಹೇಗಿದೆಯಮ್ಮಾ?’ ಎಂದು ಕೇಳುವವರು ಅಪರೂಪ. ದೇಹಕ್ಕೆ ಇಷ್ಟೆಲ್ಲ ಆರೈಕೆ ಮಾಡುವ ನಮ್ಮ ಬಾಣಂತನ ಮನಸ್ಸಿನ ವಿಷಯಕ್ಕೆ ಬಂದಾಗ ಮಾತ್ರ ಮೌನವಾಗಿಬಿಡುತ್ತದೆ. ಆ ಮೌನದೊಳಗೆ ಅಡಗಿ ಕುಳಿತಿರುವ ಕಾಯಿಲೆಯೇ ಗರ್ಭಿಣಿ ಮತ್ತು ಬಾಣಂತಿಯರ ಖಿನ್ನತೆ. ಅದು ಅಪರೂಪದ್ದಲ್ಲ, ನಾಚಿಕೆಯದೂ ಅಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಗುಣವಾಗುವ ಕಾಯಿಲೆ.

ಹೆಸರಿರುವ ಕಾಯಿಲೆ, ಹೆಸರಿಲ್ಲದ ಕಾಯಿಲೆ

‘ಬಾಣಂತಿ ಸನ್ನಿ’ ಎಂಬ ಮಾತನ್ನು ಹಿರಿಯರೆಲ್ಲ ಕೇಳಿದ್ದಾರೆ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಬಾಣಂತಿ ನಿದ್ದೆಗೆಟ್ಟು, ಏನೇನೋ ಬಡಬಡಿಸಿ, ಮನೆಯವರನ್ನೇ ಗುರುತಿಸದಂತಾಗುವ ಸ್ಥಿತಿಗೆ ಹಿಂದಿನವರು ಇಟ್ಟ ಹೆಸರು ಅದು. ‘ಸನ್ನಿ’ ಎಂದರೆ ಸನ್ನಿಪಾತ, ಜ್ವರ ತಲೆಗೇರಿ ಬುದ್ಧಿ ಕಲಕುವುದು. ಹೆರಿಗೆಯ ಹೊತ್ತಿನಲ್ಲಿ ಸೋಂಕು ತಗುಲಿ ಬರುತ್ತಿದ್ದ ಜ್ವರ ಅಂದು ಎಷ್ಟೋ ತಾಯಂದಿರನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಆ ಜ್ವರದ ಬಡಬಡಿಕೆ ಮತ್ತು ಜ್ವರವೇ ಇಲ್ಲದೆ ಬರುವ ತೀವ್ರ ಮನೋರೋಗ, ಎರಡಕ್ಕೂ ಜನ ಒಂದೇ ಹೆಸರಿಟ್ಟಿದ್ದರು.

ಬಾಣಂತಿ ಜ್ವರ ಹಣೆಬರಹವಲ್ಲ, ತಡೆಯಬಹುದಾದದ್ದು ಎಂದು ತೋರಿಸಿಕೊಟ್ಟವರಲ್ಲಿ ಹಂಗೆರಿ ಮೂಲದ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಪ್ರಮುಖರು. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ವೈದ್ಯರು ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕೆಂದು ಅವರು ಕಟ್ಟುನಿಟ್ಟು ಮಾಡಿದ ಮೇಲೆ ಸಾವುಗಳು ಗಣನೀಯವಾಗಿ ಇಳಿದವು. ಇದಾದ ಹನ್ನೊಂದೇ ವರ್ಷಕ್ಕೆ, 1858ರಲ್ಲಿ, ಫ್ರಾನ್ಸಿನ ವೈದ್ಯ ಲೂಯಿ ವಿಕ್ಟರ್ ಮಾರ್ಸೆ ಗರ್ಭಿಣಿ, ಬಾಣಂತಿ ಮತ್ತು ಹಾಲೂಡಿಸುವ ತಾಯಂದಿರ ಮನೋರೋಗಗಳ ಬಗ್ಗೆ ಒಂದು ಇಡೀ ಗ್ರಂಥ ಬರೆದರು. ದೇಹದ ಪಾಠವನ್ನು ಜಗತ್ತು ಕಲಿಯಿತು. ಮನಸ್ಸಿನ ಪಾಠ ಮಾತ್ರ ಇನ್ನೂ ಅರ್ಧದಲ್ಲೇ ಇದೆ.

ಸನ್ನಿಗೆ ಹೆಸರು ಸಿಕ್ಕಿದ್ದು ಅದು ಎಲ್ಲರ ಕಣ್ಣಿಗೆ ಬೀಳುವಷ್ಟು ಗದ್ದಲದ ಕಾಯಿಲೆಯಾದ್ದರಿಂದ. ಆದರೆ ಅದಕ್ಕಿಂತ ನೂರಾರು ಪಟ್ಟು ಹೆಚ್ಚು ತಾಯಂದಿರನ್ನು ಕಾಡುವ ಖಿನ್ನತೆ ಗದ್ದಲ ಮಾಡುವುದಿಲ್ಲ. ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತದೆ. ಅದಕ್ಕೆ ಮನೆಮಾತಿನಲ್ಲಿ ಹೆಸರಿಲ್ಲ. ಇರುವುದೆಲ್ಲ ಬೈಗುಳ ಅಥವಾ ಸಮಾಧಾನ: ‘ಸೋಮಾರಿ ಆಗಿದ್ದಾಳೆ’, ‘ಸೊಕ್ಕು’, ‘ದೃಷ್ಟಿ ತಾಗಿದೆ’, ‘ಗಾಳಿ ಸೋಕಿದೆ’, ‘ಬಾಣಂತಿ ಅಂದಮೇಲೆ ಅಳುವುದು ಇದ್ದದ್ದೇ’. ಇವೆಲ್ಲಕ್ಕೂ ಮಿಗಿಲಾದ ಮಾತು ಮತ್ತೊಂದಿದೆ: ‘ನಾವೆಲ್ಲ ಹೆರಲಿಲ್ಲವೇ?’ ಈ ಒಂದು ಪ್ರಶ್ನೆ ಎಷ್ಟು ಹೆಣ್ಣುಮಕ್ಕಳ ಬಾಯಿ ಮುಚ್ಚಿಸಿದೆಯೋ ಲೆಕ್ಕವಿಲ್ಲ.

ಮೂರು ಬೇರೆ ಬೇರೆ ಸ್ಥಿತಿಗಳು

ಹೆರಿಗೆಯ ನಂತರ ಮನಸ್ಸಿನಲ್ಲಾಗುವ ಏರುಪೇರುಗಳನ್ನು ವೈದ್ಯರು ಸ್ಥೂಲವಾಗಿ ಮೂರಾಗಿ ವಿಂಗಡಿಸುತ್ತಾರೆ. ಈ ಮೂರರ ನಡುವಿನ ವ್ಯತ್ಯಾಸ ತಿಳಿದಿದ್ದರೆ ಅನಗತ್ಯ ಗಾಬರಿಯೂ ತಪ್ಪುತ್ತದೆ, ಅಪಾಯಕಾರಿ ಉದಾಸೀನವೂ ತಪ್ಪುತ್ತದೆ.

ಮೊದಲನೆಯದು ತಾತ್ಕಾಲಿಕ ಬೇಸರ. ಹೆರಿಗೆಯಾದ ಮೂರು-ನಾಲ್ಕನೆಯ ದಿನ ಕಾರಣವಿಲ್ಲದೆ ಅಳು ಬರುವುದು, ಸಣ್ಣ ಮಾತಿಗೂ ಮನಸ್ಸು ನೊಂದುಕೊಳ್ಳುವುದು, ಮರುಕ್ಷಣವೇ ನಗುವುದು. ಅರ್ಧಕ್ಕೂ ಹೆಚ್ಚು ತಾಯಂದಿರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಎರಡು ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಇದಕ್ಕೆ ಔಷಧ ಬೇಡ. ನಿದ್ದೆ, ಊಟ ಮತ್ತು ಪಕ್ಕದಲ್ಲೊಬ್ಬರು ಇದ್ದರೆ ಸಾಕು.

ಎರಡನೆಯದು ಖಿನ್ನತೆ. ಎರಡು ವಾರ ಕಳೆದರೂ ಬೇಸರ ಕರಗದೆ ಗಟ್ಟಿಯಾಗುತ್ತಾ ಹೋಗುತ್ತದೆ. ಹಿಂದೆ ಇಷ್ಟವಾಗುತ್ತಿದ್ದ ಯಾವುದೂ ರುಚಿಸದು. ಮಗು ಮಲಗಿದ್ದರೂ ತಾಯಿಗೆ ನಿದ್ದೆ ಬಾರದು. ಊಟ ಸೇರದು. ಮೈಯೆಲ್ಲ ಭಾರ, ತಲೆನೋವು, ಎದೆ ಡವಗುಟ್ಟುವಿಕೆ. ‘ನಾನು ಒಳ್ಳೆಯ ತಾಯಿಯಲ್ಲ’ ಎಂಬ ಅಪರಾಧಿ ಭಾವ. ಮಗುವಿಗೇನಾದರೂ ಆಗಿಬಿಡುತ್ತದೆಯೇನೋ ಎಂಬ ಅತಿಯಾದ ಆತಂಕ, ಇಲ್ಲವೇ ಮಗುವಿನ ಬಗ್ಗೆ ಏನೂ ಅನ್ನಿಸದಿರುವುದು. ಕೆಲವರಿಗೆ ‘ಬದುಕಿದ್ದು ಏನು ಪ್ರಯೋಜನ’ ಎಂಬ ಯೋಚನೆ. ಇದು ಹೆರಿಗೆಯ ನಂತರದ ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ಬರಬಹುದು. ಎಷ್ಟೋ ಜನರಲ್ಲಿ ಗರ್ಭಿಣಿಯಾಗಿದ್ದಾಗಲೇ ಶುರುವಾಗಿರುತ್ತದೆ. ‘ಬಸುರಿ ಸಂತೋಷವಾಗಿರುತ್ತಾಳೆ’ ಎಂಬ ನಂಬಿಕೆಯಿಂದಾಗಿ ಅದು ಯಾರ ಗಮನಕ್ಕೂ ಬಂದಿರುವುದಿಲ್ಲ.

ಮೂರನೆಯದೇ ಸನ್ನಿ, ಅಂದರೆ ತೀವ್ರ ಮನೋರೋಗ. ಸಾವಿರ ಹೆರಿಗೆಗಳಲ್ಲಿ ಒಬ್ಬರು ಅಥವಾ ಇಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ ಬರುತ್ತದೆ. ಇಲ್ಲದ ದನಿ ಕೇಳುವುದು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆಗಳು, ದಿನಗಟ್ಟಲೆ ನಿದ್ದೆಯಿಲ್ಲದಿರುವುದು, ಗೊಂದಲ ಇದರ ಲಕ್ಷಣಗಳು. ಇದು ತುರ್ತುಸ್ಥಿತಿ. ಹಾವು ಕಚ್ಚಿದವರನ್ನು ಎಷ್ಟು ಬೇಗ ಆಸ್ಪತ್ರೆಗೆ ಸೇರಿಸುತ್ತೇವೆಯೋ ಅಷ್ಟೇ ಬೇಗ ಇವರನ್ನೂ ಸೇರಿಸಬೇಕು. ಜ್ವರವೂ ಜೊತೆಗಿದ್ದರೆ ಸೋಂಕಿನ ಪರೀಕ್ಷೆಯೂ ಆಗಲೇಬೇಕು. ಹಿಂದೆ ಮನೋರೋಗ ಬಂದಿದ್ದವರಿಗೆ, ಮನೆತನದಲ್ಲಿ ಇಂತಹ ಕಾಯಿಲೆ ಇರುವವರಿಗೆ ಇದರ ಸಾಧ್ಯತೆ ಹೆಚ್ಚು. ಆದ್ದರಿಂದ ಆ ವಿಷಯವನ್ನು ಮುಚ್ಚಿಡದೆ ಗರ್ಭಿಣಿಯಾದಾಗಲೇ ವೈದ್ಯರಿಗೆ ತಿಳಿಸುವುದು ಜಾಣತನ.

ದೇಹದೊಳಗೆ ನಡೆಯುವುದೇನು?

ಗರ್ಭಾವಸ್ಥೆಯಲ್ಲಿ ಮಾಸು ಅಥವಾ ಕಸ ಎಂದು ಕರೆಯುವ ಅಂಗ ಕೇವಲ ಮಗುವಿಗೆ ಆಹಾರ ಸಾಗಿಸುವ ಕೊಳವೆಯಲ್ಲ. ಅದು ಹಾರ್ಮೋನುಗಳ ಕಾರ್ಖಾನೆ. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟೆರಾನ್ ಎಂಬ ಹಾರ್ಮೋನುಗಳು ಒಂಬತ್ತು ತಿಂಗಳಲ್ಲಿ ರಕ್ತದಲ್ಲಿ ಹತ್ತಾರು ಪಟ್ಟು ಏರುತ್ತವೆ. ಹೆರಿಗೆಯಲ್ಲಿ ಮಾಸು ಹೊರಬಿದ್ದೊಡನೆ ಕಾರ್ಖಾನೆಯೇ ಮುಚ್ಚಿದಂತಾಗಿ, ಕೆಲವೇ ದಿನಗಳಲ್ಲಿ ಈ ಮಟ್ಟ ಬಸುರಿಗೆ ಮೊದಲಿದ್ದಲ್ಲಿಗೆ ಕುಸಿಯುತ್ತದೆ. ತುಂಬಿದ ಕೆರೆಯ ತೂಬನ್ನು ಒಮ್ಮೆಗೇ ಎತ್ತಿದ ಹಾಗೆ.

ಪ್ರೊಜೆಸ್ಟೆರಾನಿನಿಂದ ದೇಹ ತಯಾರಿಸಿಕೊಳ್ಳುವ ಅಲೋಪ್ರೆಗ್ನನೊಲೋನ್ ಎಂಬ ವಸ್ತು ಮಿದುಳಿನ ನರಕೋಶಗಳನ್ನು ಶಾಂತಗೊಳಿಸುವ ‘ಗಾಬಾ’ ವ್ಯವಸ್ಥೆಗೆ ಬಲ ಕೊಡುತ್ತದೆ. ಅದೂ ಒಮ್ಮೆಗೇ ಇಳಿದಾಗ ಕೆಲವರ ಮಿದುಳು ಹೊಂದಿಕೊಳ್ಳಲು ತಡಕಾಡುತ್ತದೆ. ಇದೇ ತಿಳಿವಳಿಕೆಯ ಆಧಾರದ ಮೇಲೆ ತಯಾರಾದ ಜುರಾನೊಲೋನ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ದೊರೆಯಿತು. ಬಾಣಂತಿ ಖಿನ್ನತೆಗೆಂದೇ ಇರುವ, ಹದಿನಾಲ್ಕು ದಿನ ನುಂಗುವ ಮಾತ್ರೆ ಅದು.

ಇಲ್ಲೊಂದು ಪ್ರಶ್ನೆ ಏಳುವುದು ಸಹಜ. ಹಾರ್ಮೋನು ಎಲ್ಲ ತಾಯಂದಿರಲ್ಲೂ ಇಳಿಯುತ್ತದೆಯಲ್ಲ, ಖಿನ್ನತೆ ಎಲ್ಲರಿಗೂ ಏಕೆ ಬರುವುದಿಲ್ಲ? ಉತ್ತರವಿಷ್ಟೆ: ಹಾರ್ಮೋನು ಒಂದು ಕಾರಣ, ಏಕೈಕ ಕಾರಣವಲ್ಲ. ಅನುವಂಶೀಯತೆ, ಹಿಂದಿನ ಖಿನ್ನತೆ, ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ಏರುಪೇರು ಇವೆಲ್ಲ ಸೇರಿಕೊಳ್ಳುತ್ತವೆ. ಎರಡು-ಮೂರು ಗಂಟೆಗೊಮ್ಮೆ ಹಾಲು ಕೇಳುವ ಮಗುವಿನಿಂದಾಗಿ ವಾರಗಟ್ಟಲೆ ತುಂಡು ತುಂಡಾಗುವ ನಿದ್ದೆಯೂ ಕಾರಣವಾಗುತ್ತದೆ. ಇದರ ಮೇಲೆ ಮನೆಯ ಪರಿಸ್ಥಿತಿ ಬಂದು ಕೂರುತ್ತದೆ.

ಮನೆಯೊಳಗೆ ನಡೆಯುವುದೇನು?

ನಮ್ಮ ನೆರೆಯ ಗೋವಾದಲ್ಲಿ ಮನೋವೈದ್ಯ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ಹೆರಿಗೆಯಾದ ಆರರಿಂದ ಎಂಟು ವಾರಗಳ ಹೊತ್ತಿಗೆ ಶೇಕಡಾ 23ರಷ್ಟು ತಾಯಂದಿರಲ್ಲಿ ಖಿನ್ನತೆ ಕಂಡುಬಂತು. ಬಡತನ, ಗಂಡನೊಂದಿಗಿನ ಹದಗೆಟ್ಟ ಸಂಬಂಧ ಮತ್ತು ಹುಟ್ಟಿದ್ದು ಹೆಣ್ಣುಮಗು ಎಂಬ ಸಂಗತಿ ಖಿನ್ನತೆಯ ಸಾಧ್ಯತೆಯನ್ನು ಹೆಚ್ಚಿಸಿದ್ದವು. ಭಾರತದ 38 ಅಧ್ಯಯನಗಳನ್ನು, ಅಂದರೆ ಇಪ್ಪತ್ತು ಸಾವಿರ ತಾಯಂದಿರ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕಾಚಾರವೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತದೆ: ಶೇಕಡಾ 22. ಐವರು ಬಾಣಂತಿಯರಲ್ಲಿ ಒಬ್ಬಳಿಗೆ ಎಂದರೆ, ಇದು ಯಾರದೋ ಮನೆಯ ಕಥೆಯಾಗಿ ಉಳಿಯುವುದಿಲ್ಲ.

ಮಲೆನಾಡಿನ ಬದುಕಿಗೆ ತನ್ನದೇ ಆದ ಕೆಲವು ಒತ್ತಡಗಳಿವೆ. ಇಲ್ಲಿಯ ಮನೆಗಳು ಬಯಲುಸೀಮೆಯ ಊರುಗಳಂತೆ ಒತ್ತೊತ್ತಾಗಿಲ್ಲ. ತೋಟದ ಅಂಚಿಗೊಂದು, ಗುಡ್ಡದ ಬುಡಕ್ಕೊಂದು. ಆಷಾಢ, ಶ್ರಾವಣದ ಜಡಿಮಳೆಯಲ್ಲಿ ಕರೆಂಟೂ ಇಲ್ಲದೆ, ಫೋನಿಗೆ ಸಿಗ್ನಲ್ಲೂ ಸಿಗದೆ, ಕತ್ತಲೆ ಕೋಣೆಯಲ್ಲಿ ಮಗುವಿನೊಂದಿಗೆ ಉಳಿಯುವ ಬಾಣಂತಿಗೆ ಒಂದು ವಾರ ಹೊರಗಿನವರ ಮುಖ ಕಾಣದಿರುವುದೂ ಉಂಟು. ಅಡಿಕೆ ಕೊಯ್ಲಿನ ದಿನಗಳಲ್ಲಾದರೆ ಮನೆ ತುಂಬ ಜನ, ಆದರೆ ಅವಳ ಬಳಿ ಕೂತು ಮಾತಾಡಲು ಯಾರಿಗೂ ಪುರುಸೊತ್ತಿಲ್ಲ. ಕೂಲಿಯಿಂದಲೇ ಬದುಕುವ ಮನೆಗಳಲ್ಲಿ ತಿಂಗಳುಗಟ್ಟಲೆ ಬಾಣಂತನ ಎಂಬುದೇ ಕನಸು.

ಇನ್ನೊಂದು ಸಂಗತಿಯನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ. ಮೂರನೆಯದೋ ಐದನೆಯದೋ ತಿಂಗಳಲ್ಲಿ ತೊಟ್ಟಿಲ ಸಮೇತ ಗಂಡನ ಮನೆಗೆ. ಅಲ್ಲಿಗೆ ಬಾಣಂತನ ಮುಗಿಯಿತು. ಅಮ್ಮನ ಕೈಯ ಆರೈಕೆ ಒಂದೇ ದಿನಕ್ಕೆ ನಿಂತು, ಅಡುಗೆಮನೆ, ಕೊಟ್ಟಿಗೆ, ಪಾತ್ರೆ ಮತ್ತು ಮಗು ಒಟ್ಟಿಗೇ ಹೆಗಲೇರುತ್ತವೆ. ಖಿನ್ನತೆ ಬರಬಹುದಾದ ಅವಧಿಯಾದರೋ ಇನ್ನೂ ಮುಗಿದಿರುವುದಿಲ್ಲ. ತವರೂರಿನ ಆಶಾ ಕಾರ್ಯಕರ್ತೆಗೆ ಇವಳ ಪರಿಚಯವಿದೆ, ಗಂಡನ ಊರಿನ ಆಶಾಗೆ ಇವಳು ಹೊಸಬಳು. ಊರು ಬದಲಾಗುವಾಗ ಕಾಯಿಲೆ ಕಣ್ತಪ್ಪಿಹೋಗುವುದು ಸುಲಭ. ತಾಯಿ ಕಾರ್ಡನ್ನು ಮಗುವಿನ ಚುಚ್ಚುಮದ್ದಿಗಾಗಿ ಜೋಪಾನವಾಗಿ ಒಯ್ಯುವಂತೆ, ತಾಯಿಯ ಮನಸ್ಸಿನ ಸ್ಥಿತಿಯನ್ನೂ ಹೊಸ ಮನೆಯವರಿಗೆ, ಅಲ್ಲಿನ ಆಶಾಗೆ ಹೇಳಿ ಒಪ್ಪಿಸಬೇಕು.

ಹತ್ತು ಪ್ರಶ್ನೆಗಳ ಅಳತೆಗೋಲು

ಜ್ವರಕ್ಕೆ ಥರ್ಮಾಮೀಟರ್ ಇದೆ, ರಕ್ತಹೀನತೆಗೆ ಹಿಮೋಗ್ಲೋಬಿನ್ ಪರೀಕ್ಷೆಯಿದೆ. ಖಿನ್ನತೆಯನ್ನು ಅಳೆಯುವುದು ಹೇಗೆ? 1987ರಲ್ಲಿ ಬ್ರಿಟನ್ನಿನ ಜಾನ್ ಕಾಕ್ಸ್ ಮತ್ತು ಸಂಗಡಿಗರು ರೂಪಿಸಿದ ‘ಎಡಿನ್‌ಬರೊ ಮಾಪಕ’ ಇದಕ್ಕೆ ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಕಳೆದ ಏಳು ದಿನಗಳಲ್ಲಿ ಮನಸ್ಸು ಹೇಗಿತ್ತು ಎಂಬ ಬಗ್ಗೆ ಹತ್ತು ಸರಳ ಪ್ರಶ್ನೆಗಳು. ನಗು ಬರುತ್ತಿತ್ತೇ, ಕಾರಣವಿಲ್ಲದೆ ಹೆದರಿಕೆಯಾಗುತ್ತಿತ್ತೇ, ತಪ್ಪೆಲ್ಲ ತನ್ನದೇ ಅನ್ನಿಸುತ್ತಿತ್ತೇ ಎಂಬಂಥವು. ಪ್ರತಿ ಉತ್ತರಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು ಮೂವತ್ತು. ಕೊನೆಯ ಪ್ರಶ್ನೆ ತನಗೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂಬುದು. ಉಳಿದ ಅಂಕ ಎಷ್ಟೇ ಕಡಿಮೆಯಿದ್ದರೂ ಈ ಪ್ರಶ್ನೆಗೆ ‘ಹೌದು’ ಎಂದವರನ್ನು ಕೂಡಲೇ ವೈದ್ಯರ ಬಳಿ ಕರೆದೊಯ್ಯಬೇಕು.

ಈ ಮಾಪಕ ಕನ್ನಡದಲ್ಲೂ ಇದೆ. ಕರ್ನಾಟಕದ ಗ್ರಾಮೀಣ ಗರ್ಭಿಣಿಯರಲ್ಲಿ ಇದನ್ನು ಪರೀಕ್ಷಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಹದಿಮೂರು ಅಥವಾ ಅದಕ್ಕೂ ಹೆಚ್ಚು ಅಂಕ ಬಂದವರನ್ನು ವೈದ್ಯರು ವಿವರವಾಗಿ ನೋಡುವುದು ಒಳಿತೆಂದು ಅದು ತೋರಿಸಿತು. ಆ ಅಧ್ಯಯನದಲ್ಲಿ ಸುಮಾರು ಆರು ಗರ್ಭಿಣಿಯರಲ್ಲಿ ಒಬ್ಬರಿಗೆ ಖಿನ್ನತೆ ಇತ್ತು. ಆದರೆ ನೆನಪಿಡಬೇಕಾದ ಮಾತೊಂದಿದೆ. ಮಾಪಕ ತೋರಿಸುವುದು ಸಾಧ್ಯತೆಯನ್ನಷ್ಟೇ. ಕಾಯಿಲೆ ಇದೆಯೇ ಇಲ್ಲವೇ ಎಂದು ನಿರ್ಧರಿಸುವವರು ವೈದ್ಯರು.

ಚಿಕಿತ್ಸೆ: ಮಾತಿನಿಂದ, ಮಾತ್ರೆಯಿಂದ

ಸೌಮ್ಯ ಖಿನ್ನತೆಗೆ ಮೊದಲ ಚಿಕಿತ್ಸೆ ಮಾತು. ಸುಮ್ಮನೆ ‘ಧೈರ್ಯ ತಂದುಕೋ’ ಎನ್ನುವ ಉಪದೇಶವಲ್ಲ, ಕ್ರಮಬದ್ಧವಾದ ಆಪ್ತಸಮಾಲೋಚನೆ. ‘ಮಗು ಅತ್ತರೆ ಅದು ನನ್ನ ತಪ್ಪು’ ಎಂಬಂಥ ಯೋಚನೆಯನ್ನು ಗುರುತಿಸುವುದು, ಅದು ನಿಜವೇ ಎಂದು ಪರಿಶೀಲಿಸುವುದು, ಅದರ ಜಾಗದಲ್ಲಿ ಸರಿಯಾದ ಯೋಚನೆ ಇಡುವುದು, ಅದರಂತೆ ದಿನಕ್ಕೊಂದು ಸಣ್ಣ ಕೆಲಸ ಮಾಡುವುದು. ಇದಕ್ಕೆ ದೊಡ್ಡ ದೊಡ್ಡ ಪದವೀಧರರೇ ಬೇಕೆಂದಿಲ್ಲ ಎಂಬುದು ಸ್ವಾರಸ್ಯದ ಸಂಗತಿ.

ಪಾಕಿಸ್ತಾನದ ರಾವಲ್ಪಿಂಡಿ ಬಳಿಯ ಹಳ್ಳಿಗಳಲ್ಲಿ ಡಾ. ಆತಿಫ್ ರಹಮಾನ್ ಮತ್ತು ಸಂಗಡಿಗರು ಊರಿನ ಆರೋಗ್ಯ ಕಾರ್ಯಕರ್ತೆಯರಿಗೇ ಈ ತರಬೇತಿ ಕೊಟ್ಟರು. ಖಿನ್ನತೆಯಿದ್ದ ಒಂಬೈನೂರಕ್ಕೂ ಹೆಚ್ಚು ಗರ್ಭಿಣಿಯರನ್ನು ಎರಡು ಗುಂಪು ಮಾಡಿ ನೋಡಲಾಯಿತು. ಹೆರಿಗೆಯಾಗಿ ಆರು ತಿಂಗಳಾದಾಗ ತರಬೇತಿ ಪಡೆದ ಕಾರ್ಯಕರ್ತೆಯರು ಭೇಟಿ ಕೊಟ್ಟ ಗುಂಪಿನಲ್ಲಿ ಶೇಕಡಾ 23 ಮಂದಿಯಲ್ಲಷ್ಟೇ ಖಿನ್ನತೆ ಉಳಿದಿತ್ತು. ಇನ್ನೊಂದು ಗುಂಪಿನಲ್ಲಿ ಅದು ಶೇಕಡಾ 53. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಕೈಪಿಡಿಯಾಗಿ ಹೊರತಂದಿತು. ಮುಂದೆ ಗೋವಾದಲ್ಲಿ ಇದೇ ಮಾದರಿಯನ್ನು ಆರೋಗ್ಯ ಕಾರ್ಯಕರ್ತೆಯರೂ ಅಲ್ಲದ, ಊರಿನದೇ ಹಿರಿಯ ಗೃಹಿಣಿಯರಿಂದ ಮಾಡಿಸಿ ನೋಡಿದರು. ಅವರಿಗಿಟ್ಟ ಹೆಸರು ‘ಸಖಿ’.

ಖಿನ್ನತೆ ಮಧ್ಯಮ ಅಥವಾ ತೀವ್ರ ಸ್ವರೂಪದ್ದಾದರೆ ಮಾತಿನ ಜೊತೆಗೆ ಮಾತ್ರೆಯೂ ಬೇಕಾಗುತ್ತದೆ. ಇಲ್ಲಿಯೇ ಹೆಚ್ಚಿನವರು ಹಿಂಜರಿಯುವುದು. ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯಾಗದೇ? ಹಾಲಿನಲ್ಲಿ ಹೋಗದೇ? ಪ್ರಶ್ನೆ ನ್ಯಾಯವಾದದ್ದು, ಉತ್ತರವೂ ಸ್ಪಷ್ಟವಾಗಿದೆ. ಎಲ್ಲ ಔಷಧಗಳೂ ಒಂದೇ ಅಲ್ಲ. ಮನಸ್ಸಿನ ಕಾಯಿಲೆಗೂ ಮೂರ್ಛೆರೋಗಕ್ಕೂ ಬಳಸುವ ವ್ಯಾಲ್ಪ್ರೊಯೇಟ್‌ನಂಥವು ಭ್ರೂಣಕ್ಕೆ ಹಾನಿಕಾರಕವಾದ್ದರಿಂದ ಗರ್ಭಿಣಿಯರಿಗೆ ಸಲ್ಲವು. ಆದರೆ ಸರ್ಟ್ರಲೀನ್‌ನಂಥ ಖಿನ್ನತೆ ನಿವಾರಕಗಳ ಬಳಕೆಯ ಬಗ್ಗೆ ಸಾಕಷ್ಟು ಅನುಭವವಿದೆ. ಇದು ಎದೆಹಾಲಿನಲ್ಲಿ ಸೇರುವ ಪ್ರಮಾಣ ಬಹಳ ಕಡಿಮೆ. ಆದ್ದರಿಂದಲೇ ಹಾಲೂಡಿಸುವ ತಾಯಂದಿರಿಗೆ ವೈದ್ಯರು ಇಂಥದ್ದನ್ನು ಆರಿಸುತ್ತಾರೆ. ಮಾತ್ರೆ ತೆಗೆದುಕೊಳ್ಳಬೇಕೆಂದರೆ ಹಾಲು ಬಿಡಿಸಲೇಬೇಕು ಎಂಬುದು ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು ಕಲ್ಪನೆ.

ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಚಿಕಿತ್ಸೆಯಿಲ್ಲದ ಖಿನ್ನತೆಯೂ ಮಗುವಿಗೆ ನಿರಪಾಯಕಾರಿಯಲ್ಲ. ಖಿನ್ನಳಾದ ಗರ್ಭಿಣಿ ಸರಿಯಾಗಿ ಉಣ್ಣುವುದಿಲ್ಲ, ತಪಾಸಣೆಗೆ ಹೋಗುವುದಿಲ್ಲ. ದಿನ ತುಂಬುವ ಮುನ್ನ ಹೆರಿಗೆಯಾಗುವ, ಕಡಿಮೆ ತೂಕದ ಮಗು ಹುಟ್ಟುವ ಸಾಧ್ಯತೆ ಹೆಚ್ಚುತ್ತದೆ. ಹುಟ್ಟಿದ ಮೇಲೆ ಮಗುವಿನ ಬೆಳವಣಿಗೆ ಕುಂಠಿತವಾಗಬಹುದೆಂಬುದನ್ನೂ ಅಧ್ಯಯನಗಳು ತೋರಿಸಿವೆ. ಕೇರಳದಲ್ಲಿ ತಾಯಂದಿರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದ ವೈದ್ಯರಿಗೆ ಆತ್ಮಹತ್ಯೆಯೂ ಒಂದು ಪ್ರಮುಖ ಕಾರಣವಾಗಿ ಕಂಡಿದೆ. ರಕ್ತಸ್ರಾವ, ಸೋಂಕುಗಳಂಥ ಹಳೆಯ ಶತ್ರುಗಳನ್ನು ಹಿಮ್ಮೆಟ್ಟಿಸಿದ ರಾಜ್ಯದಲ್ಲಿ ಉಳಿದುಕೊಂಡ ಶತ್ರು ಇದು.

ಮಾತ್ರೆಯ ಬಗ್ಗೆ ಮೂರು ಮಾತು ನೆನಪಿಡಬೇಕು. ಒಂದು, ನುಂಗಿದ ಮರುದಿನವೇ ಗುಣ ಕಾಣದು. ಎರಡರಿಂದ ನಾಲ್ಕು ವಾರ ತಾಳ್ಮೆ ಬೇಕು. ಎರಡು, ಖಿನ್ನತೆ ನಿವಾರಕಗಳು ಚಟ ಹಿಡಿಸುವ ಮಾತ್ರೆಗಳಲ್ಲ. ಮೂರು, ಹುಷಾರಾಯಿತೆಂದು ತಾವೇ ನಿಲ್ಲಿಸಬಾರದು. ವೈದ್ಯರು ಹೇಳಿದಷ್ಟು ತಿಂಗಳು ಮುಂದುವರಿಸಿ, ನಿಧಾನವಾಗಿ ಇಳಿಸಬೇಕು. ಮೊದಲಿನಿಂದ ಇಂಥ ಔಷಧ ತೆಗೆದುಕೊಳ್ಳುತ್ತಿದ್ದವರು ಗರ್ಭಿಣಿಯಾದ ಕೂಡಲೇ ಹೆದರಿ ಒಮ್ಮೆಗೇ ಬಿಟ್ಟುಬಿಡುವುದರಿಂದ ಕಾಯಿಲೆ ಮರುಕಳಿಸುತ್ತದೆ. ಬಿಡಬೇಕೇ, ಬದಲಾಯಿಸಬೇಕೇ ಎಂಬುದನ್ನು ವೈದ್ಯರಲ್ಲೇ ಕೇಳಬೇಕು.

ದಾರಿ ದೂರವೇನಲ್ಲ

‘ಮನಸ್ಸಿನ ಡಾಕ್ಟರು ಇರುವುದು ಬೆಂಗಳೂರಿನಲ್ಲಿ’ ಎಂಬ ಕಾಲ ಈಗಿಲ್ಲ. ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಬಾಗಿಲಿಗೆ ಒಯ್ಯಬಹುದೆಂದು ದೇಶಕ್ಕೆ ತೋರಿಸಿದ್ದೇ ಕರ್ನಾಟಕ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಮ್ಮ ತೀರ್ಥಹಳ್ಳಿ ತಾಲ್ಲೂಕಿಗೂ ಈ ಚರಿತ್ರೆಯಲ್ಲಿ ಪಾಲಿದೆ. 2000ದ ದಶಕದ ಮಧ್ಯದಿಂದ ನಿಮ್ಹಾನ್ಸ್‌ನ ಡಾ. ಜಗದೀಶ ತೀರ್ಥಹಳ್ಳಿ ಮತ್ತು ಸಂಗಡಿಗರು ಈ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗವಿದ್ದವರನ್ನು ಊರೂರಿನಲ್ಲಿ ಗುರುತಿಸಿ, ಮನೆಯ ಹತ್ತಿರವೇ ಚಿಕಿತ್ಸೆ ದೊರೆಯುವಂತೆ ಮಾಡಿದರು. ಚಿಕಿತ್ಸೆ ಪಡೆದವರು, ಪಡೆಯದವರಿಗಿಂತ ದಿನನಿತ್ಯದ ಬದುಕನ್ನು ಎಷ್ಟೋ ಚೆನ್ನಾಗಿ ನಡೆಸುತ್ತಾರೆಂಬುದು ಅಲ್ಲಿ ಸ್ಪಷ್ಟವಾಯಿತು. ಅಂಥ ಕಠಿಣ ಕಾಯಿಲೆಗೇ ಮಲೆನಾಡಿನ ಹಳ್ಳಿಯಲ್ಲಿ ಚಿಕಿತ್ಸೆ ಸಾಧ್ಯವಾದರೆ, ಅದಕ್ಕಿಂತ ಸುಲಭವಾಗಿ ಗುಣವಾಗುವ ಬಾಣಂತಿ ಖಿನ್ನತೆಗೆ ಏಕೆ ಸಾಧ್ಯವಾಗದು?

ಶಿವಮೊಗ್ಗೆಯ ಮನೋವೈದ್ಯ ದಿವಂಗತ ಡಾ. ಅಶೋಕ ಪೈ ಅವರನ್ನೂ ಇಲ್ಲಿ ನೆನೆಯಬೇಕು. 2016ರಲ್ಲಿ ನಿಧನರಾದ ಅವರು ಮನಸ್ಸಿನ ಕಾಯಿಲೆಗಳ ಬಗ್ಗೆ ಸರಳ ಕನ್ನಡದಲ್ಲಿ ಬರೆದು, ‘ಕಾಡಿನ ಬೆಂಕಿ’ಯಂಥ ಚಲನಚಿತ್ರದಲ್ಲೂ ತೊಡಗಿಕೊಂಡು, ಈ ಭಾಗದ ಜನರ ಅಂಜಿಕೆಯನ್ನು ಬಹುಮಟ್ಟಿಗೆ ಕಳೆದವರು.

ಮೊದಲ ಮೆಟ್ಟಿಲು ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು ಮತ್ತು ನಲವತ್ತೆರಡನೆಯ ದಿನ, ಹೀಗೆ ಆರು ಬಾರಿ ಆಕೆ ಬರಬೇಕೆಂಬುದು ನಿಯಮ. ಮಗುವನ್ನು ತೂಗಿ ಹೊರಡುವ ಮುನ್ನ ತಾಯಿಯ ಹತ್ತಿರ ಐದು ನಿಮಿಷ ಕೂರಲು ಆಕೆಗೆ ಮನೆಯವರೇ ಅವಕಾಶ ಮಾಡಿಕೊಡಬೇಕು, ಅತ್ತೆಯೂ ಅಮ್ಮನೂ ಆ ಐದು ನಿಮಿಷ ಹೊರಗಿರಬೇಕು. ಎರಡನೆಯ ಮೆಟ್ಟಿಲು ತಾಲ್ಲೂಕು ಆಸ್ಪತ್ರೆ. ಮನೋವೈದ್ಯರ ತಂಡ ನಿಗದಿತ ದಿನ ತಾಲ್ಲೂಕು ಆಸ್ಪತ್ರೆಗೇ ಬರುವ ‘ಮನೋಚೈತನ್ಯ’ ಎಂಬ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ ರೂಪಿಸಿದೆ. ಯಾವ ದಿನವೆಂದು ಆಸ್ಪತ್ರೆಯಲ್ಲೇ ವಿಚಾರಿಸಿಕೊಳ್ಳಬಹುದು. ಮೂರನೆಯದು ಅರವತ್ತು ಎಪ್ಪತ್ತು ಕಿಲೋಮೀಟರ್ ದೂರದ ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆ.

ತೀವ್ರ ಕಾಯಿಲೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಅಲ್ಲಿ 2009ರಲ್ಲಿ ಆರಂಭವಾದ ತಾಯಿ-ಮಗು ವಿಭಾಗದಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೇ ದಾಖಲು ಮಾಡಿಕೊಳ್ಳುತ್ತಾರೆ. ಮನೋವೈದ್ಯೆ ಡಾ. ಪ್ರಭಾ ಚಂದ್ರ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಇದು ಭಾರತದಲ್ಲೇ ಇಂತಹ ಮೊದಲ ವಿಭಾಗ. ‘ಹುಚ್ಚಾಸ್ಪತ್ರೆಗೆ ಹಾಕಿದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ’ ಎಂಬ ಭಯಕ್ಕೆ ಕಾನೂನಿನ ಉತ್ತರವೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಮಗುವಿಗೆ ಅಪಾಯವಿದ್ದಾಗ ಮಾತ್ರ ತಾತ್ಕಾಲಿಕವಾಗಿ ದೂರವಿಡಬಹುದು.

ಮನೆಯಿಂದ ಹೊರಡುವುದೇ ಕಷ್ಟವಾದವರಿಗೆ ಟೆಲಿ ಮಾನಸ್ ಸಹಾಯವಾಣಿಯಿದೆ. ಸಂಖ್ಯೆ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಈ ಸೇವೆ ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗದ ಗರ್ಭಿಣಿಯರು ಸಾಗರಕ್ಕೆ ಬರಲು ದಶಕಗಳ ಕಾಲ ಲಾಂಚಿನ ವೇಳೆ ಕಾಯಬೇಕಿತ್ತು. 2025ರ ಜುಲೈನಲ್ಲಿ ಸೇತುವೆ ಸಂಚಾರಕ್ಕೆ ತೆರೆಯಿತು. ಹೊಳೆ ದಾಟುವ ಕಷ್ಟ ಕಳೆದಿದೆ. ದಾಟಬೇಕಾಗಿರುವುದು ಇನ್ನು ಹಿಂಜರಿಕೆಯನ್ನು ಮಾತ್ರ.

ಮನೆಯವರು ಮಾಡಬಹುದಾದದ್ದು

ವೈದ್ಯರಿಗಿಂತ ಮೊದಲು ಕಾಯಿಲೆಯನ್ನು ಕಾಣಬಲ್ಲವರು ಮನೆಯವರು. ನಮ್ಮ ಹಳೆಯ ಬಾಣಂತನ ಪದ್ಧತಿಯಲ್ಲಿ ಈ ಚಿಕಿತ್ಸೆಗೆ ಬೇಕಾದ ಅರ್ಧ ಸಾಮಗ್ರಿ ಆಗಲೇ ಇದೆ: ವಿಶ್ರಾಂತಿ, ಬಿಸಿ ಊಟ, ಮೈ ತಿಕ್ಕುವ ಕೈ, ಮಗುವನ್ನು ನೋಡಿಕೊಳ್ಳುವ 'ಇನ್ನೊಂದು ಮಡಿಲು'. ಇವನ್ನು ಉಳಿಸಿಕೊಳ್ಳಬೇಕು. ಕತ್ತಲೆ ಕೋಣೆ, ಯಾರೊಂದಿಗೂ ಬೆರೆಯದ ಒಂಟಿತನ, ನೀರು, ಹಣ್ಣು, ತರಕಾರಿಗಳನ್ನೂ ಬೇಡವೆನ್ನುವ ಅತಿ ಪಥ್ಯ ಇವನ್ನು ಬಿಡಬೇಕು. ಬೆಳಗಿನ ಎಳೆಬಿಸಿಲಿನಲ್ಲಿ ಜಗಲಿಯ ಮೇಲೆ ಅರ್ಧ ಗಂಟೆ ಕೂರುವುದರಿಂದ, ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡಾಡುವುದರಿಂದ ಯಾವ ಬಾಣಂತಿಗೂ ಕೇಡಾಗದು.

ತಾಯಿಗೆ ಒಂದೇ ಸಮನೆ ನಾಲ್ಕೈದು ಗಂಟೆ ನಿದ್ದೆ ಸಿಗುವಂತೆ ನೋಡಿಕೊಳ್ಳುವುದು ದೊಡ್ಡ ಉಪಕಾರ. ಹಾಲೂಡಿಸಿದ ಮೇಲೆ ಮಗುವನ್ನು ಎತ್ತಿಕೊಂಡು ತೇಗು ಬರಿಸುವುದು, ಬಟ್ಟೆ ಬದಲಿಸುವುದು, ತೂಗಿ ಮಲಗಿಸುವುದು ಇವೆಲ್ಲ ಗಂಡಸರೂ ಮಾಡಬಲ್ಲ ಕೆಲಸಗಳು. ವಾರಕ್ಕೊಮ್ಮೆ ತವರಿಗೆ ಬಂದು ಮಗುವನ್ನು ನೋಡಿ ಹೋಗುವ ಗಂಡ, ಮಗುವಿನ ತಾಯಿಯನ್ನೂ ನೋಡಿ, ಅವಳ ಮಾತು ಕೇಳಿ ಹೋಗಬೇಕು. ಎರಡನೆಯದೂ ಹೆಣ್ಣಾಯಿತೆಂದು ನಿಟ್ಟುಸಿರು ಬಿಡುವವರಿಗೆ ವಿಜ್ಞಾನದ ಒಂದು ಪಾಠ ಸಾಕು. ಮಗು ಹೆಣ್ಣೋ ಗಂಡೋ ಎಂಬುದನ್ನು ನಿರ್ಧರಿಸುವುದು ತಂದೆಯ ವೀರ್ಯಾಣುವಿನಲ್ಲಿರುವ ವರ್ಣತಂತು, ತಾಯಿಯದಲ್ಲ.

ಶಾಲೆ, ಕಾಲೇಜಿಗೆ ಹೋಗುವ ಮಕ್ಕಳಿಗೂ ಇಲ್ಲಿ ಪಾತ್ರವಿದೆ. ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಬಾಣಂತಿಯಾಗಿದ್ದರೆ ಸಂಜೆ ಬಂದು ಅವಳ ಬಳಿ ಸ್ವಲ್ಪ ಹೊತ್ತು ಕೂತು ಹರಟುವುದು ದೊಡ್ಡ ವಿದ್ಯೆಯೇನಲ್ಲ. ಮೊದಲು ಮಾತಾಡುತ್ತಿದ್ದವಳು ಈಗ ಸುಮ್ಮನಾಗಿದ್ದಾಳೆ, ಊಟ ಬಿಟ್ಟಿದ್ದಾಳೆ, ಮರೆಯಲ್ಲಿ ಅಳುತ್ತಾಳೆ ಎಂಬುದು ಎಷ್ಟೋ ಸಲ ಕಿರಿಯರ ಕಣ್ಣಿಗೇ ಮೊದಲು ಬೀಳುತ್ತದೆ. ಅದನ್ನು ಹಿರಿಯರಿಗೆ ಹೇಳಬೇಕು. ‘ಸತ್ತುಹೋಗಬೇಕು ಅನ್ನಿಸುತ್ತದೆ’ ಎಂಬ ಮಾತು ಅವಳ ಬಾಯಿಂದ ಬಂದರೆ ಅದನ್ನು ಗುಟ್ಟಾಗಿಡುವುದಾಗಿ ಯಾವ ಕಾರಣಕ್ಕೂ ಭಾಷೆ ಕೊಡಬಾರದು. ಅವಳನ್ನು ಒಂಟಿಯಾಗಿ ಬಿಡದೆ, ಅಂದೇ ವೈದ್ಯರಿಗೆ ತೋರಿಸಬೇಕು.

ದೃಷ್ಟಿ ತೆಗೆಸುವುದು, ಹರಕೆ ಹೊರುವುದು, ಚೌಡಮ್ಮನಿಗೆ ಕಾಯಿ ಒಡೆಸುವುದು ಮನೆಯವರ ನಂಬಿಕೆಗೆ ಬಿಟ್ಟದ್ದು. ಅದರಿಂದ ಮನೆಯವರ ಮನಸ್ಸಿಗೆ ನೆಮ್ಮದಿಯಾದರೆ ಬೇಡವೆನ್ನಬೇಕಾಗಿಲ್ಲ. ಆದರೆ ಹರಕೆ ತೀರಿಸಲು ಹೊರಟ ಜೀಪು ಬರುವಾಗ ಆಸ್ಪತ್ರೆಯ ಮುಂದೆಯೂ ನಿಲ್ಲಲಿ. ಮಗುವಿಗೆ ಪೋಲಿಯೊ ಹನಿ ಹಾಕಿಸಲು, ತಾಯಿಗೆ ಕಬ್ಬಿಣದ ಮಾತ್ರೆ ನುಂಗಿಸಲು ಯಾವ ಮನೆಯೂ ಇಂದು ನಾಚುವುದಿಲ್ಲ. ಮನಸ್ಸಿನ ಕಾಯಿಲೆಗೆ ಮದ್ದು ಕೊಡಿಸುವುದೂ ಹಾಗೆಯೇ ಸಹಜವಾಗಬೇಕು. ಮುಂದಿನ ಸಲ ಯಾವುದಾದರೂ ಮನೆಗೆ ಮಗುವನ್ನು ನೋಡಲು ಹೋದಾಗ ಕೈಯಲ್ಲಿ ಸ್ವೆಟರು, ಟೊಪ್ಪಿಗೆಯ ಜೊತೆ ಆ ಒಂದು ಪ್ರಶ್ನೆಯನ್ನೂ ಒಯ್ಯಿರಿ. ಕೇಳಿದ ಮೇಲೆ, ಉತ್ತರ ಬರುವ ತನಕ ಕೂತಿರಿ.